ಒಂದೇ ಟ್ರಾನ್ಸಿಸ್ಟರಿನ ವೈಡ್‌ಬ್ಯಾಂಡ್ ಪ್ರೀಆಂಪ್: ನನ್ನ ಅನುಭವ

ಆಂಟೆನಾದಿಂದ ಬರುವ ಸಿಗ್ನಲ್ ಅನ್ನು ರೇಡಿಯೋಗೆ ಕೊಡುವ ಮೊದಲು ಹಿಗ್ಗಿಸುವ ಪ್ರೀಆಂಪ್‌ನ ಇನ್‌ಪುಟ್‌ನಲ್ಲಿ ಟ್ಯೂನ್ಡ್ ಸರ್ಕ್ಯೂಟ್ (ಬೇಕಾದ ಬ್ಯಾಂಡನ್ನಷ್ಟೇ ಆರಿಸುವ ಭಾಗ) ಇಲ್ಲದಿದ್ದರೆ ಬಲವಾದ ಪ್ರಸಾರ ಕೇಂದ್ರಗಳೆಲ್ಲ ಒಟ್ಟಿಗೆ ನುಗ್ಗಿ ಬೆರೆತುಹೋಗುತ್ತವೆ, ಫೀಡ್‌ಬ್ಯಾಕ್ ಕೊಟ್ಟರೆ, ಅಂದರೆ ಔಟ್‌ಪುಟ್‌ನ ಒಂದಂಶವನ್ನು ಇನ್‌ಪುಟ್‌ಗೆ ಹಿಂದಿರುಗಿಸಿದರೆ, ಇರುವ ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಕೂಡ ಕರಗುತ್ತದೆ ಎಂದು ಅನುಭವಸ್ಥ ಗೆಳೆಯರು ಹೇಳುತ್ತಲೇ ಇದ್ದರು. ಆದರೆ ನಾನು ಕಟ್ಟಿದ 2ಎನ್5109 ಟ್ರಾನ್ಸಿಸ್ಟರಿನ ಪ್ರೀಆಂಪ್ 1ರಿಂದ ಸುಮಾರು 60 ಮೆಗಾಹರ್ಟ್ಸ್‌ವರೆಗೆ 18 ಡಿಬಿಯ ಆಸುಪಾಸಿನಲ್ಲಿ ಸಮನಾಗಿ ನಿಂತಿದೆ, ರಾತ್ರಿಯ ಬಲವಾದ ಸಿಗ್ನಲ್‌ಗಳಿಗೂ ಅದು ಬೆದರುವುದಿಲ್ಲ.

ಗುಟ್ಟಿರುವುದು ಕರೆಂಟ್‌ನಲ್ಲಿ. ಕಲೆಕ್ಟರ್‌ಗೆ 50 ಮಿಲಿಆಂಪಿಯರ್ ಹರಿಯಬಿಟ್ಟು ಹೀಟ್‌ಸಿಂಕ್ ತೊಡಿಸಿದೆ. ಬೈಪಾಸ್ ಮಾಡದ ಎಮಿಟರ್ ಭಾಗಕ್ಕೆ 18 ಓಮ್‌ನ ಎರಡು ರೆಸಿಸ್ಟರ್‌ಗಳನ್ನು ಪ್ಯಾರಲಲ್ ಆಗಿ ಹಾಕಿದೆ. ಟ್ರಾನ್ಸಿಸ್ಟರಿನ ಒಳಗಿನ ಅರ್ಧ ಓಮ್ ಸೇರಿದರೆ ಅದು ಒಂಬತ್ತೂವರೆ ಓಮ್ ಆಗುತ್ತದೆ. ಔಟ್‌ಪುಟ್‌ನ 4:1 ಟ್ರಾನ್ಸ್‌ಫಾರ್ಮರ್‌ನಿಂದ ಕಲೆಕ್ಟರ್‌ಗೆ 200 ಓಮ್ ಕಾಣುವುದರಿಂದ, ಇನ್‌ಪುಟ್‌ನ 50 ಓಮ್ ಮತ್ತು ಈ 200ರ ಗುಣಲಬ್ಧವನ್ನು ಆ ಒಂಬತ್ತೂವರೆಯಿಂದ ಭಾಗಿಸಿದರೆ ಕಲೆಕ್ಟರ್‌ನಿಂದ ಬೇಸ್‌ಗೆ ಹಾಕುವ ಫೀಡ್‌ಬ್ಯಾಕ್ ರೆಸಿಸ್ಟರ್ ಹೆಚ್ಚುಕಡಿಮೆ 1 ಕಿಲೋಓಮ್ ಬರುತ್ತದೆ. ಲೋಡ್ ಬದಲಾದರೆ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ) ಕೂಡ ಬದಲಾಗುವುದರಿಂದ ಔಟ್‌ಪುಟ್‌ಗೆ 3 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ರೆಸಿಸ್ಟರ್ ಜಾಲ) ಸೇರಿಸಿದ್ದೇನೆ. ಉಳಿಯುವ 15 ಡಿಬಿ ಬೇಕಾದಷ್ಟಾಯಿತು.

ಹೆಚ್ಚು ಕಾಡಿದ್ದು ನೂರಾರು ಮೆಗಾಹರ್ಟ್ಸ್‌ನಲ್ಲಿ ತಾನಾಗಿ ಹುಟ್ಟುವ ಆಸಿಲೇಶನ್. ಕೈ ಹತ್ತಿರ ತಂದರೆ ಕರೆಂಟ್ ಮೀಟರಿನ ಮುಳ್ಳು ಕದಲುತ್ತಿತ್ತು. ಬೇಸ್ ಕಾಲಿಗೆ ಫೆರೈಟ್ ಮಣಿ ಪೋಣಿಸಿ, ಫೀಡ್‌ಬ್ಯಾಕ್ ದಾರಿಯನ್ನು ಆದಷ್ಟೂ ಮೊಟಕುಗೊಳಿಸಿದ ಮೇಲೆ ಅದು ಅಡಗಿತು. ಟ್ರಾನ್ಸ್‌ಫಾರ್ಮರ್‌ನ ತಂತಿಗಳನ್ನು ಹೆಣೆಯುವ ನನ್ನ ಕ್ರಮವೂ ಇದಕ್ಕೆ ನೆರವಾಗಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣ ಹೋದದ್ದು ನಕಲಿ ಟ್ರಾನ್ಸಿಸ್ಟರ್‌ಗಳಿಗೆ. ಈ ಒಂದು ಬಿಡಿಭಾಗದ ಬೆಲೆಯೇ ಉಳಿದೆಲ್ಲವನ್ನೂ ಮೀರಿಸುತ್ತದೆ, ಆದರೂ ಅಗ್ಗಕ್ಕೆ ಸಿಕ್ಕವುಗಳಲ್ಲಿ ಅರ್ಧದಷ್ಟು ಬರೀ ಹೆಸರು ಅಚ್ಚೊತ್ತಿದ ಸಾಧಾರಣ ಮಾಲು. ಫೀಡ್‌ಬ್ಯಾಕ್ ಎಷ್ಟು ಬಲವಾಗಿದೆಯೆಂದರೆ 10 ಮೆಗಾಹರ್ಟ್ಸ್‌ನ ಕೆಳಗೆ ಅಸಲಿಗೂ ನಕಲಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಪರೀಕ್ಷೆಯನ್ನು 50 ಮೆಗಾಹರ್ಟ್ಸ್‌ನ ಹತ್ತಿರವೇ ಮಾಡಬೇಕು.

ಇದೇ ಕುತೂಹಲದಿಂದ 2ಎನ್2222ಎ ಎಂಬ ಅಗ್ಗದ ಸಾಮಾನ್ಯ ಟ್ರಾನ್ಸಿಸ್ಟರ್‌ಗಳೆರಡನ್ನು ಪ್ಯಾರಲಲ್ ಆಗಿ ಜೋಡಿಸಿ, ತಲಾ 18 ಓಮ್ ಕೊಟ್ಟು, 25 ಮಿಲಿಆಂಪಿಯರ್‌ನಂತೆ ನಡೆಸಿ ನೋಡಿದೆ. ಅವುಗಳ ಗೇನ್ 20 ಮೆಗಾಹರ್ಟ್ಸ್‌ವರೆಗೆ ಚೆನ್ನಾಗಿಯೇ ಇತ್ತು, 30 ದಾಟಿದ ಮೇಲೆ ಇಳಿಯತೊಡಗಿತು. ಕೆಳಗಿನ ಬ್ಯಾಂಡ್‌ಗಳಷ್ಟೇ ಸಾಕೆನ್ನುವವರಿಗೆ ಅತ್ಯಲ್ಪ ಖರ್ಚಿನ ಈ ಜೋಡಿಯನ್ನೇ ನಾನು ಹೇಳುತ್ತೇನೆ. ರೆಸಿಸ್ಟರ್ ಫೀಡ್‌ಬ್ಯಾಕ್‌ನಿಂದ ನಾಯ್ಸ್ ಸ್ವಲ್ಪ ಹೆಚ್ಚುವುದು ನಿಜ, ಆದರೆ ಆ ಬ್ಯಾಂಡ್‌ಗಳಲ್ಲಿ ಆಂಟೆನಾ ತರುವ ನಾಯ್ಸ್‌ನ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ.