ಮೂಗಿನ ಕಡ್ಡಿಯಿಂದ ಬಿಸಿನೀರಿನ ಬುಗ್ಗೆಗೆ

ಮೂಲವಿಜ್ಞಾನಕ್ಕೆ ಸರಕಾರ ದುಡ್ಡು ಹಾಕುವುದೇಕೆ ಎಂದು ಹಳ್ಳಿ ಹೈಸ್ಕೂಲಿನಲ್ಲೋ ಗ್ರಂಥಾಲಯದಲ್ಲೋ ಹೇಳುವಾಗ ನಾನು ಕೋವಿಡ್ ಪರೀಕ್ಷೆಯಿಂದಲೇ ಶುರು ಮಾಡುತ್ತೇನೆ. ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ಯಾವ ಸಭೆಯಲ್ಲೂ ಇರುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗಬೇಕು. ಈ ಕಥೆಯ ಮೂಲವಾದ ಬಿಸಿನೀರಿನ ಬುಗ್ಗೆಯಿಂದ ಶುರುಮಾಡಿದರೆ ಅರ್ಧ ದಾರಿಯಲ್ಲೇ ಜನ ಮೊಬೈಲು ತೆಗೆಯುತ್ತಾರೆ.

ಆರ್‌ಟಿ-ಪಿಸಿಆರ್ ಎಂಬ ಆ ಪರೀಕ್ಷೆಯಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ವಂಶವಾಹಿ ಎಳೆಯನ್ನು, ಮೊದಲು ಡಿಎನ್‌ಎ ಆಗಿ ನಕಲಿಸಿ, ಆಮೇಲೆ ಸುತ್ತುಸುತ್ತಿಗೂ ಇಮ್ಮಡಿ ಮಾಡುತ್ತಾರೆ. 30 ಸುತ್ತಿಗೆ ಒಂದು ತುಣುಕು ಲೆಕ್ಕದಲ್ಲಿ 107 ಕೋಟಿ. ಪ್ರತಿ ಸುತ್ತಿನಲ್ಲೂ ಡಿಎನ್‌ಎಯ ಎರಡು ಎಳೆ ಬಿಡಿಸಲು ಸುಮಾರು 95 ಡಿಗ್ರಿಗೆ ಕಾಯಿಸಬೇಕು. ನಕಲು ಮಾಡುವ ಕಿಣ್ವ (ಎನ್‌ಜೈಮ್) ಆ ಕಾವಿಗೆ ಕೆಡಬಾರದು.

ಇಲ್ಲಿ ಮಾತು ನಿಲ್ಲಿಸಿ ಆಲೂಗಡ್ಡೆ ತೋರಿಸಿ. ಒಂದು ಗಾಜಿನ ಲೋಟದಲ್ಲಿ ಹಸಿ ಬಿಲ್ಲೆ, ಇನ್ನೊಂದರಲ್ಲಿ ಬೇಯಿಸಿ ಆರಿಸಿದ್ದು. ಎರಡಕ್ಕೂ 3% ಹೈಡ್ರೋಜನ್ ಪೆರಾಕ್ಸೈಡ್ 20 ಮಿಲಿಲೀಟರ್ ಹುಯ್ಯಿರಿ. ಔಷಧಿ ಅಂಗಡಿಯ ಸೀಸೆಯ ಮೇಲೆ 6% ಎಂದಿದ್ದರೆ ಸಮಪಾಲು ನೀರು ಬೆರೆಸಿ. ಹಸಿಯದು ನೊರೆಯೇಳುತ್ತದೆ, ಬೆಂದದ್ದು ಸುಮ್ಮನಿರುತ್ತದೆ. ಅದರ ಕೆಟಲೇಸ್ ಕಿಣ್ವ ಶಾಖಕ್ಕೆ ಕೆಟ್ಟಿದೆ. ಬಿಲ್ಲೆ ದಪ್ಪವಿದ್ದರೆ ನಡು ಹಸಿಯಾಗಿಯೇ ಉಳಿದು ಬೆಂದದ್ದೂ ನೊರೆಯುಗುಳುತ್ತದೆ, ಪ್ರಯೋಗದ ಮಾತೇ ಉಲ್ಟಾ ಆಗುತ್ತದೆ. ತೆಳ್ಳಗೆ ಹೆಚ್ಚಿ 10 ನಿಮಿಷ ಕುದಿಸಿ. ತೆರೆದು ಬಹಳ ದಿನವಾದ ಸೀಸೆಯಾದರೆ ಹಸಿಯದರಲ್ಲೂ ನೊರೆ ಬಾರದು. ಹೊರಡುವ ಮುಂಚೆ ಹಸಿ ತುಂಡಿನ ಮೇಲೆ ಒಂದು ಹನಿ ಹಾಕಿ ನೋಡಿ. ಹುಯ್ಯುವ ಕೆಲಸ ಮಕ್ಕಳಿಗೆ ಬಿಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ.

ಈಗ ಸಭೆಗೆ ಸಹಜವಾಗಿಯೇ ಪ್ರಶ್ನೆ ಏಳುತ್ತದೆ: ಕುದಿಯುವಷ್ಟು ಬಿಸಿಗೂ ಕೆಡದ ಕಿಣ್ವ ಸಿಕ್ಕಿದ್ದೆಲ್ಲಿ? ಬೋರ್ಡಿನ ಮೇಲೆ ಇಸವಿಗಳನ್ನು ಒಂದರ ಕೆಳಗೊಂದು ಬರೆಯಿರಿ. 1966: ಅಮೆರಿಕದ ಯೆಲ್ಲೋಸ್ಟೋನ್‌ನ ಮಶ್ರೂಮ್ ಸ್ಪ್ರಿಂಗ್ ಬುಗ್ಗೆಯಿಂದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ವಿದ್ಯಾರ್ಥಿ ಹಡ್ಸನ್ ಫ್ರೀಜ್ ಒಂದು ಬ್ಯಾಕ್ಟೀರಿಯಾ ತಂದರು, 70 ಡಿಗ್ರಿಯಲ್ಲಿ ಬೆಳೆಯುವಂಥದ್ದು. ಎಷ್ಟು ಬಿಸಿಯವರೆಗೆ ಜೀವ ಬದುಕೀತು ಎಂಬುದು ಬ್ರಾಕ್‌ರ ಕುತೂಹಲ; ಯಾವ ರೋಗವೂ ಅವರ ತಲೆಯಲ್ಲಿರಲಿಲ್ಲ. 1976: ಬೇರೆ ಸಂಶೋಧಕರು ಆ ಬ್ಯಾಕ್ಟೀರಿಯಾದಿಂದ ಶಾಖಕ್ಕೆ ಕೆಡದ, ಡಿಎನ್‌ಎ ನಕಲಿಸುವ ಟ್ಯಾಕ್ ಕಿಣ್ವ ಬೇರ್ಪಡಿಸಿದರು. 1983: ಅಮೆರಿಕದ ರಸಾಯನ ವಿಜ್ಞಾನಿ ಕ್ಯಾರಿ ಮುಲ್ಲಿಸ್‌ಗೆ ಪಿಸಿಆರ್, ಅಂದರೆ ಡಿಎನ್‌ಎಯನ್ನು ಸುತ್ತುಸುತ್ತಿಗೂ ಇಮ್ಮಡಿ ಮಾಡುವ ವಿಧಾನ, ಹೊಳೆಯಿತು. ಮೊದಮೊದಲು ಪ್ರತಿ ಸುತ್ತಿಗೂ ಹೊಸ ಕಿಣ್ವ ಹಾಕಬೇಕಿತ್ತು; ಟ್ಯಾಕ್ ಬಂದ ಮೇಲೆ ಒಮ್ಮೆ ಹಾಕಿದರೆ ಸಾಕಾಯಿತು.

ಎಲ್ಲ ಸಂಶೋಧನೆಯೂ ಹೀಗೆ ಫಲ ಕೊಡುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ ಎಂದು ನೇರವಾಗಿ ಹೇಳಿ. ಬಹಳಷ್ಟು ಕೆಲಸದಿಂದ ತಿಳಿವಳಿಕೆ ಮಾತ್ರ ಸಿಗುತ್ತದೆ, ಉಪಯೋಗಕ್ಕೆ ಬರುವುದು ಯಾವುದೆಂದು ಮುಂಚೆ ಆರಿಸಲಾಗದು. ಮಾತು ಬಿಸಿಯೇರುವುದು ಇಲ್ಲೇ, ಆದ್ದರಿಂದ ಕೊನೆಯ ಕಾಲು ಗಂಟೆ ಇದಕ್ಕೇ ಇಡಿ. ಆಲೂಗಡ್ಡೆಯನ್ನು ಮನೆಯಲ್ಲೇ ಬೇಯಿಸಿ ತಂದರೆ ಸಮಯ ಉಳಿಯುತ್ತದೆ.