ಹೊತ್ತು ಮುಳುಗುವ ಮೊದಲು ಕೂಲಿ: ನನ್ನ ಅನುಭವ

ನಾನು ಬೀದರಿನಲ್ಲಿ ಮನೆ ಕಟ್ಟಿಸುವ ಮೇಸ್ತ್ರಿ. ಮೆಥಡಿಸ್ಟ್ ಕ್ರೈಸ್ತ ಮನೆಯಲ್ಲೇ ಹುಟ್ಟಿದವನು. ಸಂಡೆ ಸ್ಕೂಲ್, ಕ್ವಾಯರ್, ನವೆಂಬರ್ ಬಂದರೆ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಡೇರೆ, ಯಾವುದೂ ತಪ್ಪಿಸಿದವನಲ್ಲ. ಆದರೆ ಕೂಲಿ ಮಾತ್ರ ಶನಿವಾರ, ಅದೂ ಅರ್ಧ. ಉಳಿದರ್ಧ ಹಿಡಿದಿಟ್ಟರೆ ಆಳು ಬೇರೆ ಕಡೆ ಓಡಲ್ಲ. ನಮ್ಮ ಧಂದೆಯಲ್ಲಿ ಇದು ಎಲ್ಲರಿಗೂ ಗೊತ್ತು, ಅಲ್ವಾ?

ಮೂರು ವರ್ಷದ ಹಿಂದೆ ಲೆಂತ್‌ನಲ್ಲಿ (ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳು) ಚರ್ಚಿನಲ್ಲಿ ಬೈಬಲ್ ಓದುವ ಸರದಿ ನನಗೆ ಬಂತು, ಧರ್ಮೋಪದೇಶಕಾಂಡ 24. ಬಡ ಕೂಲಿಯವನ ಕೂಲಿ ಹೊತ್ತು ಮುಳುಗುವ ಮೊದಲು ಕೊಡು ಅನ್ನೋ ಭಾಗ. ಓದುತ್ತಾ ತಲೆ ಎತ್ತಿದೆ. ಮೂರನೇ ಸಾಲಿನಲ್ಲಿ ನನ್ನ ಹತ್ತಿರ ಗಾರೆ ಹೊರುವ ಅಕ್ಕ ಕೂತಿದ್ದಳು. ಆಕೆಗೆ ಎರಡು ವಾರದ ಬಾಕಿ ಇತ್ತು.

ಮೊದಲು ಉಪವಾಸ ಹಿಡಿದೆ. ಅಸಿಡಿಟಿ ಬಂತು, ಸಿಟ್ಟು ಜಾಸ್ತಿಯಾಯಿತು, ಆಳುಗಳ ಮೇಲೆ ಹೆಚ್ಚೇ ಕೂಗಾಡಿದೆ. ಆಮೇಲೆ ಚರ್ಚಿಗೆ ಕೊಡುವ ದಶಮಾಂಶದ (ಆದಾಯದ ಹತ್ತನೇ ಪಾಲು) ಜೊತೆ ಹತ್ತು ಸಾವಿರ ಕಾಣಿಕೆ ಹಾಕಿದೆ. ಚಪ್ಪಾಳೆ ಬಿತ್ತು. ಆ ದಿನ ಕೂಲಿ ಬಾಕಿ ಹದಿನಾಲ್ಕು ಸಾವಿರದ ಹತ್ತಿರ. ಅಂದರೆ ಅವರ ದುಡ್ಡನ್ನೇ ನಾನು ದೇವರಿಗೆ ಕೊಟ್ಟಿದ್ದೆ.

ಕೊನೆಗೆ ದಿನಗೂಲಿ ದಿನವೇ ಕೊಡೋಕೆ ಶುರು ಮಾಡಿದೆ. ಮೊದಲ ವಾರವೇ ನೆಲಕಚ್ಚಿದೆ. ಬುಧವಾರ ದುಡ್ಡು ತಗೊಂಡ ಹನ್ನೊಂದು ಜನರಲ್ಲಿ ನಾಲ್ವರು ಗುರುವಾರ ನಾಪತ್ತೆ, ಅದೂ ಛಾವಣಿಗೆ ಕಾಂಕ್ರೀಟ್ ಹಾಕುವ ಸ್ಲ್ಯಾಬ್ ದಿನ. ಹುಮನಾಬಾದ್‌ನಿಂದ ಗಾಡಿ ಮಾಡಿ ಜನ ತಂದೆ, ಆರು ಸಾವಿರ ಕೈಬಿಟ್ಟಿತು. ಜೊತೆಗಾರ ಮೇಸ್ತ್ರಿಗಳು ನಕ್ಕರು, ನಮ್ಮ ಸಭೆಯವರೂ ನಕ್ಕರು. ಇನ್ನೊಂದು ತೊಂದರೆ ನಿಮಗೂ ಗೊತ್ತಿರೋದೇ: ಮನೆ ಮಾಲೀಕ ಪಾಯದ ಮೇಲಿನ ಪ್ಲಿಂತ್, ಬಾಗಿಲು-ಕಿಟಕಿ ಮೇಲಿನ ಲಿಂಟಲ್, ಸ್ಲ್ಯಾಬ್ ಅಂತ ಹಂತಹಂತವಾಗಿ ದುಡ್ಡು ಕೊಡುತ್ತಾನೆ, ನಾನು ದಿನಾ ಕೊಡಬೇಕು. ಹೆಂಡತಿಯ ಸರ ಅಡವಿಟ್ಟು ಸುಮಾರು ಅರವತ್ತು ಸಾವಿರ ಕೈಯಲ್ಲಿಟ್ಟುಕೊಂಡೆ. ಮಾಲೀಕರ ಕರಾರಿನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಸರ ಬಿಡಿಸಿಕೊಂಡೆ. ಆ ಸಾಲು ಏನು ಅಂತ ಹೇಳಲ್ಲ, ನಾವೆಲ್ಲ ಒಂದೇ ಊರಲ್ಲಿ ಕೆಲಸ ಹಿಡಿಯುವವರು.

ಮಧ್ಯೆ ಇನ್ನೊಂದು ಪ್ರಯೋಗ. ಭಾನುವಾರ ಎಲ್ಲರಿಗೂ ರಜೆ ಅಂದೆ. ಮುಸ್ಲಿಂ ಆಳುಗಳು ಹಾಗಾದರೆ ಶುಕ್ರವಾರ ಮಧ್ಯಾಹ್ನ ನಮಗೆ ಅಂದರು, ಸರಿಯೇ ಅಲ್ವಾ, ಕೊಟ್ಟೆ. ಆದರೆ ಕ್ಯೂರಿಂಗ್‌ಗೆ (ಹೊಸ ಕಾಂಕ್ರೀಟಿಗೆ ದಿನಾ ನೀರುಣಿಸೋದು) ಭಾನುವಾರದ ರಜೆ ಇಲ್ಲವಲ್ಲ. ಆರಾಧನೆ ಮುಗಿಸಿ ಅದೇ ಬಿಳಿ ಅಂಗಿಯಲ್ಲಿ ಸ್ಲ್ಯಾಬ್ ಹತ್ತಿ ನೀರು ಬಿಡುವವನು ಈಗ ನಾನೇ.

ಹಳೆಯ ಬಾಕಿ ಬೇರೆ ಇತ್ತು. ಬೈಬಲಿನ ಲೂಕ 19ರಲ್ಲಿ ಮೋಸದಿಂದ ಕಸಿದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ ಸುಂಕದ ಜಕ್ಕಾಯನ ಹಾಗೆ ಕೊಡೋಣ ಅಂದೆ. ಹೆಂಡತಿ ಲೆಕ್ಕ ಹಾಕಿ, ಮನೆ ಮಾರಬೇಕಾಗುತ್ತದೆ ನೋಡು ಅಂದಳು. ಅಸಲು, ಮೇಲೆ ಒಂದಿಷ್ಟು ಅಂತ ಇಳಿದೆ. ಜಕ್ಕಾಯನಷ್ಟು ಧೈರ್ಯ ನನಗಿಲ್ಲ. ನೋಟ್‌ಬುಕ್‌ನಲ್ಲಿ ಇಪ್ಪತ್ಮೂರು ಹೆಸರು. ಅದು ತೀರುವವರೆಗೆ ವಿಶೇಷ ಕಾಣಿಕೆ ನಿಲ್ಲಿಸಿದೆ. ಮತ್ತಾಯ 5ರಲ್ಲಿ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನೊಂದಿಗೆ ಒಂದಾಗು ಅಂತಲೇ ಇದೆಯಲ್ಲ. ಇವನ ನಂಬಿಕೆ ತಣ್ಣಗಾಗಿದೆ ಅಂತ ಮಾತು ಹಬ್ಬಿತು.

ಈ ಸಲ ಚಳಿಗಾಲದ ಸ್ಲ್ಯಾಬ್‌ಗೆ ಒಬ್ಬನೂ ತಪ್ಪಿಸಲಿಲ್ಲ, ಕರೆಯದವರೂ ಬಂದರು. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ, ಅದಕ್ಕೇ ಇದನ್ನು ಬರೆದೆ.

ಹದಿನೇಳು ಹೆಸರಿಗೆ ಗೀಟು ಬಿದ್ದಿದೆ. ಭಾಲ್ಕಿ ಕಡೆಯ ಒಬ್ಬ ಮುದುಕ ನನ್ನೆದುರೇ ನೋಟು ಎಣಿಸಿ, ಇನ್ನೂ ಇನ್ನೂರು ಕಡಿಮೆ ಇದೆ ಅಂದ. ನೋಟ್‌ಬುಕ್ ತೆಗೆದು ನೋಡಿದೆ. ಅವನೇ ಸರಿ.