ಕಾಸ್ಟ್ ಪಟ್ಟಿಯಲ್ಲಿ ಟಿವಿ ಕಾಣದಿದ್ದಾಗ

ಫೋನಿನ ವಿಡಿಯೊವನ್ನು ಟಿವಿಯಲ್ಲಿ ತೋರಿಸುವ ಕಾಸ್ಟ್ ಗುರುತು ಒತ್ತಿದರೆ ಟಿವಿಗಳ ಪಟ್ಟಿ ಖಾಲಿ. ಫೋನ್, ಟಿವಿ ಎರಡಕ್ಕೂ ಇಂಟರ್ನೆಟ್ ಬರುತ್ತಿದ್ದುದರಿಂದ ವೈಫೈ ಮೇಲೆ ಅನುಮಾನವೇ ಬರಲಿಲ್ಲ. ತೊಡಕು ಇದ್ದದ್ದು ಅಲ್ಲೇ: ಫೋನ್ ರೂಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿತ್ತು. ಗೆಸ್ಟ್‌ನಲ್ಲಿರುವ ಫೋನಿಗೆ ಸಾಮಾನ್ಯವಾಗಿ ಇಂಟರ್ನೆಟ್ ಮಾತ್ರ ಸಿಗುತ್ತದೆ, ಮನೆಯ ಬೇರೆ ಸಾಧನಗಳು ಕಾಣುವುದಿಲ್ಲ. ಟಿವಿಯನ್ನು ಹುಡುಕಲು ಫೋನ್ ಕಳಿಸುವ ಎಂಡಿಎನ್ಎಸ್ ಸಂದೇಶ ರೂಟರಿನಲ್ಲೇ ನಿಂತುಬಿಡುತ್ತದೆ.

ಎರಡನ್ನೂ ಮುಖ್ಯ ವೈಫೈಗೆ ಸೇರಿಸಿದ ಕೂಡಲೇ ಟಿವಿ ಹೆಸರು ಬಂತು. ಒಂದು ಆ ವೈಫೈನ 2.4, ಇನ್ನೊಂದು 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿದ್ದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಆಗಲೂ ಕಾಣದಿದ್ದರೆ ಫೋನಿನ ವಿಪಿಎನ್ ಆಫ್ ಮಾಡಿ. ಬ್ರೌಸರಿನಲ್ಲಿ ರೂಟರ್ ಪುಟ (ಹಲವು ರೂಟರ್‌ಗಳಲ್ಲಿ 192.168.1.1) ತೆರೆದು, ವೈರ್‌ಲೆಸ್ ಸೆಟ್ಟಿಂಗಿನ ‘ಎಪಿ ಐಸೊಲೇಶನ್’ (ಒಂದೇ ವೈಫೈನ ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆಯುವ ಆಯ್ಕೆ) ಕೂಡ ಆಫ್ ಮಾಡಿ ನೋಡಿ. ಟಿವಿಯ ಫ್ಯಾಕ್ಟರಿ ರೀಸೆಟ್ ಮಾತ್ರ ಬೇಡ. ಆ್ಯಪ್, ಲಾಗಿನ್ ಎಲ್ಲ ಅಳಿಸಿಹೋಗುತ್ತವೆ, ಈ ತೊಡಕು ಹಾಗೇ ಉಳಿಯುತ್ತದೆ.